ನಿಮಗಿದು ಗೊತ್ತೆ? ಹೊಟ್ಟು ಕಸವಲ್ಲ, ಉರುವಲು!

ಮುದಗಲ್‌ನಿಂದ ಮಸ್ಕಿ ದಾಟಿ ಸಿಂಧನೂರಿನತ್ತ ಹೊರಟರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಎದುರಾಗುತ್ತವೆ. ರೈಸ್‌ಮಿಲ್‌ಗಳ ಹಿಂದೆ ಹೊಟ್ಟಿನ ಹೊಂಬಣ್ಣದ ಗುಡ್ಡೆ. ಅದರೊಳಗೆ ಬೆಂಕಿಯ ಭಂಡಾರವೇ ಇದೆ!

● ಒಂದು ಕ್ವಿಂಟಲ್ ಭತ್ತ ಮಿಲ್ ಮಾಡಿದರೆ ಸುಮಾರು 20 ಕೆ.ಜಿ. ಹೊಟ್ಟು ಸಿಗುತ್ತದೆ.

● ಒಂದು ಕೆ.ಜಿ. ಒಣ ಹೊಟ್ಟು ಉರಿದರೆ ಸುಮಾರು 3,000 ಕಿಲೊ ಕ್ಯಾಲೊರಿ ಶಾಖ. ಭತ್ತ ಬೇಯಿಸುವ ಬಾಯ್ಲರ್‌ಗೆ ಇದೇ ಉರುವಲು. ಕಾಳನ್ನು ಅದರ ಸಿಪ್ಪೆಯೇ ಬೇಯಿಸುತ್ತದೆ!

● ಉರಿದ ಹೊಟ್ಟಿನಲ್ಲಿ ಸುಮಾರು ಐದನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಅದರಲ್ಲಿ ಹೆಚ್ಚಿನದು ಸಿಲಿಕಾ. ಇಟ್ಟಿಗೆ, ಸಿಮೆಂಟ್‌ಗೆ ಬೆರೆಸಬಹುದು.

● ಮುದಗಲ್, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಉಳಿಯುವ ತೊಗರಿ, ಹತ್ತಿ ಕಟ್ಟಿಗೆಯೂ ಇಂಧನವೇ. ಪುಡಿ ಮಾಡಿ ಒತ್ತಿದರೆ ಕಲ್ಲಿದ್ದಲಿನ ಬದಲು ಉರಿಸಬಲ್ಲ ಗಟ್ಟಿ ಬ್ರಿಕೆಟ್ ಸಿದ್ಧ.

● ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲೇ ಕಟ್ಟಿಗೆಯಿಂದ ವಿದ್ಯುತ್ ತಯಾರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ, ಕಟ್ಟಿಗೆಯನ್ನು ಉರಿಯುವ ಅನಿಲವಾಗಿಸುವ ಗ್ಯಾಸಿಫೈಯರ್ ಆ ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಮೂರನ್ನೂ ಕೊಟ್ಟಿತು.

ಹೊಲದ ಕಟ್ಟಿಗೆಗೆ ಬೆಂಕಿ ಇಡುವ ಮುನ್ನ ಒಂದು ಕ್ಷಣ ಯೋಚಿಸಿ: ಉರಿದುಹೋಗುವುದು ಕಸವಲ್ಲ, ನಾಳೆಯ ಬೆಳಕು.