ಗಾಲಿಕುರ್ಚಿ ಕೇಳಲು ಸಂಕೋಚವೇಕೆ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಿನ ಎಷ್ಟೋ ಮನೆಗಳ ಹಿರಿಯರು ಉಮ್ರಾಕ್ಕೆಂದೋ, ಗಲ್ಫ್‌ನಲ್ಲಿರುವ ಮಕ್ಕಳನ್ನು ನೋಡಲೆಂದೋ ವಿಮಾನ ಏರುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ಹುಬ್ಬಳ್ಳಿಗೋ, ಗೋವಾಕ್ಕೋ, ದೂರದ ಬೆಂಗಳೂರಿಗೋ ಹೋಗಬೇಕು. ವಾಹನದಲ್ಲಿ ಕುಳಿತೇ ಕಾಲು ಊದಿದ ತಾಯಿಗೆ ನಿಲ್ದಾಣದೊಳಗೆ ಮತ್ತೆ ನಡಿಗೆ, ಸರತಿ, ಮೆಟ್ಟಿಲು. ಗಾಲಿಕುರ್ಚಿ ಬೇಕೇ ಎಂದರೆ, "ಬೇಡಪ್ಪಾ, ನಾಲ್ಕು ಜನ ನೋಡಿದರೆ ಏನೆಂದುಕೊಂಡಾರು?" ಎನ್ನುತ್ತಾರೆ.

ಈ ಸಂಕೋಚಕ್ಕೆ ಇಸ್ಲಾಮಿನಲ್ಲಿ ಜಾಗವಿಲ್ಲ. ಹಜ್ಜ್‌ನ ವೇಳೆ ತಾನು ಅಸ್ವಸ್ಥಳೆಂದು ಉಮ್ಮು ಸಲಮಾ(ರ) ಹೇಳಿದಾಗ, ಜನರ ಹಿಂದಿನಿಂದ ಸವಾರಿಯ ಮೇಲೆ ಕುಳಿತೇ ತವಾಫ್ ಮಾಡುವಂತೆ ಪ್ರವಾದಿ(ಸ) ತಿಳಿಸಿದರು. ಕಅಬಾದ ಬಳಿಯೇ ಇಲ್ಲದ ನಾಚಿಕೆ ವಿಮಾನ ನಿಲ್ದಾಣದಲ್ಲೇಕೆ?

ಆದರೆ ಕೇಳಿದವರಿಗೂ ಕೆಲವೊಮ್ಮೆ ಅವಮಾನವೇ ಸಿಗುತ್ತದೆ. 2012ರ ಫೆಬ್ರವರಿಯಲ್ಲಿ ಜೀಜಾ ಘೋಷ್ ಎಂಬ ಮಹಿಳೆ ಸಮ್ಮೇಳನವೊಂದಕ್ಕಾಗಿ ಕೋಲ್ಕತ್ತಾದಿಂದ ಗೋವಾಕ್ಕೆ ಹೊರಟಿದ್ದರು. ಅವರಿಗೆ ಸೆರೆಬ್ರಲ್ ಪಾಲ್ಸಿ ಇದೆ. ಸ್ಪೈಸ್‌ಜೆಟ್ ವಿಮಾನದ ಆಸನದಲ್ಲಿ ಕುಳಿತಾಗಿದ್ದ ಅವರನ್ನು ಕೆಳಗಿಳಿಸಲಾಯಿತು. ಅವರು ಸುಮ್ಮನಾಗಲಿಲ್ಲ. ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. 2024ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಳಿದ ವೃದ್ಧ ದಂಪತಿಗೆ ಸಿಕ್ಕಿದ್ದು ಒಂದೇ ಗಾಲಿಕುರ್ಚಿ. ಪತ್ನಿಯನ್ನು ಕುಳ್ಳಿರಿಸಿ ಜೊತೆಗೆ ನಡೆದ 80ರ ಪತಿ ಕುಸಿದು ಮರಣ ಹೊಂದಿದರು. ಕಾಯುವಂತೆ ತಿಳಿಸಿದ್ದೆವು ಎಂದು ಏರ್ ಇಂಡಿಯಾ ಹೇಳಿತು. ಆದರೂ ವಿಮಾನಯಾನ ನಿರ್ದೇಶನಾಲಯ 30 ಲಕ್ಷ ರೂಪಾಯಿ ದಂಡ ವಿಧಿಸಿತು.

ಆದ್ದರಿಂದ ಸಹೋದರಿಯರೇ, ಮನೆಯ ಹಿರಿಯರನ್ನು ಕಳಿಸುವ ಮುನ್ನ ಕೆಲವು ವಿಷಯ ನೆನಪಿಡಿ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ತಡವಾದರೂ ಹೊರಡುವುದಕ್ಕೆ 48 ಗಂಟೆ ಮೊದಲು ತಿಳಿಸಿ. ಏಜೆಂಟರು ಟಿಕೆಟ್ ಮಾಡಿದ್ದರೆ, ಬೇಡಿಕೆ ದಾಖಲಾಗಿದೆಯೇ ಎಂದು ವಿಮಾನ ಸಂಸ್ಥೆಗೆ ನೀವೇ ಫೋನ್ ಮಾಡಿ ಕೇಳಿ. ಅಗತ್ಯವನ್ನು ಸ್ಪಷ್ಟವಾಗಿ ಹೇಳಿ: ದೂರ ನಡೆಯಲಾರರೇ, ಮೆಟ್ಟಿಲೂ ಹತ್ತಲಾರರೇ, ಅಥವಾ ಆಸನದವರೆಗೂ ಆಸರೆ ಬೇಕೇ? ಈ ಮೂರಕ್ಕೂ ವ್ಯವಸ್ಥೆ ಬೇರೆ ಬೇರೆ. ಸಣ್ಣ ನಿಲ್ದಾಣಗಳಲ್ಲಿ ಮೆಟ್ಟಿಲೇರಿಯೇ ವಿಮಾನ ಹತ್ತಬೇಕಾಗುವುದುಂಟು. ವಿಮಾನ ಬದಲಿಸುವ ಊರಿನಲ್ಲೂ ಇಳಿಯುವ ಊರಿನಲ್ಲೂ ಕುರ್ಚಿ ಬೇಕೆಂದು ಹೇಳಲು ಮರೆಯದಿರಿ. ಅಂಗವಿಕಲರಿಗೆ, ನಡೆಯಲಾಗದವರಿಗೆ ಈ ನೆರವನ್ನು ಉಚಿತವಾಗಿ ಕೊಡಬೇಕೆಂಬುದು ನಿಯಮ. ತಳ್ಳುವ ಹುಡುಗನಿಗೆ ಖುಷಿಯಿಂದ ಏನಾದರೂ ಕೊಟ್ಟರೆ ಅದು ನಿಮ್ಮ ಇಷ್ಟ. ಕೇಳಿ ಪಡೆಯುವ ಹಕ್ಕು ಯಾರಿಗೂ ಇಲ್ಲ.

ಅನ್ಯಾಯವಾದರೆ ದಿನಾಂಕ, ಸಮಯ, ವಿಮಾನದ ಸಂಖ್ಯೆ ಬರೆದಿಟ್ಟುಕೊಂಡು ಮೊದಲು ವಿಮಾನ ಸಂಸ್ಥೆಗೆ ದೂರು ಕೊಡಿ. ಉತ್ತರ ಸಿಗದಿದ್ದರೆ ಕೇಂದ್ರ ಸರಕಾರದ 'ಏರ್ ಸೇವಾ' ಇದೆ.

ಇನ್ನೊಂದು ಮಾತು. ಸರತಿ ತಪ್ಪಿಸಲೆಂದೇ ಗಟ್ಟಿಮುಟ್ಟಾದವರು ಗಾಲಿಕುರ್ಚಿ ಏರುವುದೂ ಇದೆ. ಆ ಹೊತ್ತಿಗೆ ನಿಜವಾಗಿ ನಡೆಯಲಾಗದ ಯಾರದೋ ತಾಯಿ ನಿಂತೇ ಕಾಯುತ್ತಿರುತ್ತಾರೆ. ಅವರ ಪಾಲಿನ ಕುರ್ಚಿ ನಮ್ಮ ಕೈಯಲ್ಲಿರುವ ಅಮಾನತ್. ನಮಗೆ ಬೇಕಾದಾಗ ಧೈರ್ಯದಿಂದ ಕೇಳೋಣ, ಬೇಡವಾದಾಗ ಅವರಿಗೆ ಬಿಟ್ಟುಕೊಡೋಣ.