ದಿನಕ್ಕೆ ಅರ್ಧ ಕಿಲೋ ಹಣ್ಣು-ತರಕಾರಿ: ಖರ್ಚೆಷ್ಟು, ಲಾಭವೆಷ್ಟು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಎಂದಿದೆ. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ಅದೂ ಬೇಯಿಸುವ ಮುಂಚಿನ ತೂಕ. ಧಾನ್ಯದ ಎರಡರಷ್ಟು ಹಣ್ಣು-ತರಕಾರಿ ಅಂದ ಹಾಗಾಯಿತು. ನಮ್ಮ ಬಹುಪಾಲು ತಟ್ಟೆಗಳಲ್ಲಿ ಇದು ತಿರುಗುಮುರುಗು: ನಡುವೆ ಅನ್ನದ ಗುಡ್ಡೆ, ಅಂಚಿನಲ್ಲಿ ಎರಡು ಚಮಚ ಪಲ್ಯ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ಕನಿಷ್ಠ 400 ಗ್ರಾಂ. ಆಲೂಗಡ್ಡೆಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಜೇಬಿನ ಕಡೆ ನೋಡೋಣ. 2022-23ರ ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 3,773 ರೂಪಾಯಿ ಖರ್ಚು. ಅದರಲ್ಲಿ ತರಕಾರಿಗೆ 203, ಹಣ್ಣಿಗೆ 140, ಒಟ್ಟು 343 ರೂಪಾಯಿ. ಪಾನೀಯ, ತಿಂಡಿ, ಸಂಸ್ಕರಿತ ಆಹಾರಕ್ಕೆ 363. ಪೇಟೆಯಲ್ಲಿ ಅಂತರ ಇನ್ನೂ ಹೆಚ್ಚು: ಹಣ್ಣು-ತರಕಾರಿಗೆ 491, ಪಾನೀಯ-ತಿಂಡಿಗೆ 687. ಹಣ್ಣಿನ ಬಾಬ್ತಿನಲ್ಲಿ ಒಣಹಣ್ಣೂ, ತರಕಾರಿಯಲ್ಲಿ ಆಲೂಗಡ್ಡೆ-ಈರುಳ್ಳಿಯೂ ಸೇರಿವೆ ಎಂಬುದನ್ನು ಮರೆಯಬಾರದು.

343ನ್ನು 30ರಿಂದ ಭಾಗಿಸಿದರೆ ದಿನಕ್ಕೆ ಹನ್ನೊಂದೂವರೆ ರೂಪಾಯಿ. ತರಕಾರಿ ಕಿಲೋಗೆ 40, ಹಣ್ಣು 80 ಎಂದು ಅಗ್ಗದ ಲೆಕ್ಕವನ್ನೇ ಹಿಡಿದರೂ ಆ ಅರ್ಧ ಕಿಲೋಗೆ 16 ಮತ್ತು 8, ಒಟ್ಟು 24 ರೂಪಾಯಿ ಬೇಕು. ತಲೆಗೆ ತಿಂಗಳಿಗೆ 720, ನಾಲ್ವರ ಮನೆಗೆ 2,880. ಇದೂ ತಿನ್ನುವ ಭಾಗದ ತೂಕಕ್ಕೆ ಮಾತ್ರ. ದಂಟು ಬಲಿತ ಸೊಪ್ಪಿನ ಕಟ್ಟು ಬಿಡಿಸಿ ನೋಡಿ, ಬುಟ್ಟಿಗೆ ಬೀಳುವುದೆಷ್ಟು, ಕಸಕ್ಕೆ ಹೋಗುವುದೆಷ್ಟು! ಬಾಳೆಹಣ್ಣಿನಲ್ಲಿ ಮೂರನೇ ಒಂದು ಭಾಗ ಸಿಪ್ಪೆಯೇ.

ಆದ್ದರಿಂದ ‘ಜನಕ್ಕೆ ತಿಳಿವಳಿಕೆ ಇಲ್ಲ’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ 2016ರಲ್ಲಿ ಪ್ರಕಟಿಸಿದ 18 ದೇಶಗಳ ಅಧ್ಯಯನದಲ್ಲಿ ಬಡ ದೇಶಗಳ ಗುಂಪಿನಲ್ಲಿ ಭಾರತವೂ ಇತ್ತು. ಒಬ್ಬರಿಗೆ ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ಕೊಳ್ಳಲು ಆ ಗುಂಪಿನಲ್ಲಿ ಮನೆಯ ಆದಾಯದ ಶೇ 52ರಷ್ಟು ಬೇಕಿತ್ತು. ಶ್ರೀಮಂತ ದೇಶಗಳಲ್ಲಿ ಶೇ 2 ಕೂಡ ಬೇಕಿರಲಿಲ್ಲ.

ಪೂರ್ತಿ ಅರ್ಧ ಕಿಲೋ ಎಟುಕದಿದ್ದರೂ ನಷ್ಟವಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2017ರಲ್ಲಿ 95 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 200 ಗ್ರಾಂ ಹಣ್ಣು-ತರಕಾರಿ ಹೆಚ್ಚಾದಂತೆ ಹೃದ್ರೋಗದ ಅಪಾಯ ಶೇ 8, ಪಾರ್ಶ್ವವಾಯುವಿನದು ಶೇ 16 ಕಡಿಮೆ ಕಂಡಿತು. 200 ಗ್ರಾಂ ಅಂದರೆ ಒಂದು ಬಟ್ಟಲು ಸೊಪ್ಪಿನ ಪಲ್ಯ, ಒಂದು ಬಾಳೆಹಣ್ಣು.

ಯಾವ ಹಣ್ಣು ಎಂಬಲ್ಲಿ ಉಳಿತಾಯಕ್ಕೆ ದಾರಿಯಿದೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ‘ಸಿ’ ಜೀವಸತ್ವ 200 ಮಿಲಿಗ್ರಾಂ ಮೀರುತ್ತದೆ, ಸೇಬಿನಲ್ಲಿ 5 ಕೂಡ ತುಂಬದು. ಗಂಡಸಿಗೆ ದಿನಕ್ಕೆ ಬೇಕಾದ 80 ಮಿಲಿಗ್ರಾಂ ಪಡೆಯಲು ಅರ್ಧ ಸೀಬೆ ಸಾಕು. ಸೇಬಾದರೆ ಒಂದೂವರೆ ಕಿಲೋ ಮೀರಿ ತಿನ್ನಬೇಕು. ಆದರೂ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ನಮ್ಮ ಕೈಚೀಲದಲ್ಲಿರುವುದು ಸೇಬೇ! ನುಗ್ಗೆಸೊಪ್ಪಿನ ಕತೆಯೂ ಇದೇ. ನೂರು ಗ್ರಾಂಗೆ 300 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ. ಅಷ್ಟೇ ಹಾಲಿನಲ್ಲಿ ಸುಮಾರು 120. ಹಿತ್ತಲಲ್ಲಿ ಮರವಿದ್ದವರಿಗೆ ಬೆಲೆ ಸೊನ್ನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ‘ಸಿ’ ಜೀವಸತ್ವ ಅದೇ ಊಟದ ಜೊತೆಗಿರಬೇಕು. ಪಲ್ಯ ಒಲೆಯಿಂದ ಇಳಿದ ಮೇಲೆ ಹಿಂಡುವ ಅರ್ಧ ನಿಂಬೆ, ಊಟದ ಕೊನೆಗೆ ಒಂದು ಸೀಬೆಹೋಳು ಆ ಕೆಲಸ ಮಾಡುತ್ತವೆ. ಕೈ ತೊಳೆದ ಕೂಡಲೇ ಟೀ ಲೋಟ ಎತ್ತಿಕೊಂಡರೆ ಮಾತ್ರ ಕಬ್ಬಿಣಾಂಶಕ್ಕೆ ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿದರಾಯಿತು.