ಸೆರೆಯಲ್ಲಿ ಕೆಡದ ಕಾಳು

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ಬಣ್ಣ ನೋಡಿ ಬೆಲೆ ಕಟ್ಟುವರು. ಆದರೆ ಪಳಗಿದ ವ್ಯಾಪಾರಿಯ ಮನಸ್ಸಿನಲ್ಲಿರುವ ಪ್ರಶ್ನೆಯೇ ಬೇರೆ: ಈ ಬಣ್ಣವು ಎಷ್ಟು ದಿನ ನಿಂತೀತು? ಕೂಡಿಟ್ಟ ಮಾಲು ದಿನಗಳೆದಂತೆ ಬಣ್ಣಗೆಡುವದೆಂದೇ ಊರ ಸುತ್ತಲೂ ಶೀತಲಗೃಹಗಳು ಎದ್ದಿವೆ. ಗ್ರಂಥಗಳ ವಿಷಯದಲ್ಲಿಯೂ ಕೇಳತಕ್ಕ ಪ್ರಶ್ನೆ ಇದೇ. ಅಚ್ಚಾದ ದಿನ ಕೊಂಡಾಡಿಸಿಕೊಂಡ ಪುಸ್ತಕಗಳಲ್ಲಿ ಹೆಚ್ಚಿನವು ಮೊಮ್ಮಕ್ಕಳ ಕೈಗೆ ಬರುವದಿಲ್ಲ. ಯಾವದೋ ಒಂದು ಮಾತ್ರ ಬಂದು ಅಭಿಜಾತ ಕೃತಿಯೆನಿಸುವದು. ಅದು ಯಾತರಿಂದ?

೨೦೦೮ರಲ್ಲಿ ಕೇಂದ್ರ ಸರಕಾರವು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ಕೊಟ್ಟಿತು. ನಾವು ಹಿಗ್ಗಿದೆವು; ಹಿಗ್ಗಿದ್ದು ಯುಕ್ತವೇ ಆಗಿತ್ತು. ಆದರೆ ಭಾಷೆಗೆ ಸ್ಥಾನವು ಆಜ್ಞೆಯಿಂದ ದೊರೆಯಬಹುದು, ಕೃತಿಗೆ ದೊರೆಯಲಾರದು. ಆಂಗ್ಲ ಪಂಡಿತ ಜಾನ್ಸನ್ನನು ೧೭೬೫ರಲ್ಲಿ ಶೇಕ್ಸ್‌ಪಿಯರನ ನಾಟಕಗಳಿಗೆ ಮುನ್ನುಡಿ ಬರೆಯುತ್ತ, ಕೃತಿಯ ಯೋಗ್ಯತೆಗೆ ನೂರು ವರ್ಷದ ಬಾಳಿಕೆಯೇ ರೂಢಿಯ ಒರೆಗಲ್ಲೆಂದು ಹೇಳಿದನು. ಮಾತು ಒಪ್ಪತಕ್ಕದ್ದೇ, ಆದರೂ ವಯಸ್ಸೊಂದೇ ಸಾಲದು. ಗೆದ್ದಲು ತಿಂದ ಓಲೆಗರಿಗೂ ವಯಸ್ಸಾಗಿರುವದು.

ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಕಾಗಿನೆಲೆಯು ನಮ್ಮ ತಾಲೂಕಿನ ಊರು. ಅಲ್ಲಿಯ ಆದಿಕೇಶವನನ್ನು ನೆನೆದು ಹಾಡಿದ ಕನಕದಾಸರ 'ರಾಮಧಾನ್ಯಚರಿತೆ'ಯನ್ನೇ ನೋಡಿರಿ. ರಾವಣನನ್ನು ಗೆದ್ದು ಮರಳುವ ಶ್ರೀರಾಮನು ಮುನಿಗಳ ಆಶ್ರಮದಲ್ಲಿ ತಂಗಿದಾಗ, ಧಾನ್ಯಗಳಲ್ಲಿ ಯಾವದು ಮೇಲೆಂಬ ಮಾತು ಹುಟ್ಟುವದು. ರಾಗಿಯೆಂದರೆ ನರೆದಲೆಗ, ಅಕ್ಕಿಯೆಂದರೆ ವ್ರೀಹಿ; ಎರಡಕ್ಕೂ ವಾದ ಬೆಳೆಯುವದು. ತಾನು ದೇವರ ನೈವೇದ್ಯಕ್ಕೂ ಶುಭಕಾರ್ಯಕ್ಕೂ ಸಲ್ಲುವೆನೆಂದು ಅಕ್ಕಿಯ ಹೆಮ್ಮೆ. ನೀನು ಉಳ್ಳವರ ಪಕ್ಷದವನು, ಬಡವರನ್ನು ಕಣ್ಣೆತ್ತಿ ನೋಡದವನೆಂದು ರಾಗಿಯ ಉತ್ತರ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುವನು. ಅವಧಿ ತೀರಿದಾಗ ಅಕ್ಕಿಯು ಕೆಟ್ಟಿರುವದು. ರಾಗಿಯು ಹಾಗೆಯೇ ಉಳಿದಿರುವದು. ಆಗ ರಾಘವನು ತನ್ನ ಹೆಸರನ್ನೇ ರಾಗಿಗೆ ಕೊಡುವನು.

ಹದಿನಾರನೆಯ ಶತಮಾನದ ಕವಿಯ ಈ ಕಾವ್ಯವು ಇಂದಿಗೂ ಏಕೆ ಹಳತಾಗಿಲ್ಲ? ನಮ್ಮ ಭಾಗದವರು ಜೋಳದ ರೊಟ್ಟಿ ಉಣ್ಣುವವರು, ರಾಗಿಯ ಮುದ್ದೆಯವರಲ್ಲ. ಆದರೂ ರಾಗಿಯ ಮಾತು ನಮಗೆ ತಟ್ಟುವದು. ಏಕೆಂದರೆ ಅಲ್ಲಿರುವದು ಧಾನ್ಯದ ಜಗಳವಷ್ಟೇ ಅಲ್ಲ. ಹುಟ್ಟಿನಿಂದ ಮೇಲೋ, ಉಪಯೋಗದಿಂದ ಮೇಲೋ ಎಂಬ ವಾದ. ಆ ವಾದವು ನಮ್ಮ ಬೀದಿಗಳಲ್ಲಿ ತೀರಿಲ್ಲ, ಕಚೇರಿಗಳಲ್ಲಿ ತೀರಿಲ್ಲ, ಊಟದ ಪಂಕ್ತಿಯಲ್ಲಂತೂ ತೀರಿಯೇ ಇಲ್ಲ. ತನ್ನ ಕಾಲದ ಜಗಳವನ್ನೇ ಹೇಳಿ, ಪ್ರತಿ ತಲೆಮಾರಿನವರೂ ಇದು ನಮ್ಮ ಜಗಳವೆನ್ನುವಂತೆ ಮಾಡುವ ಕೃತಿಯೇ ಅಭಿಜಾತವೆಂದು ನಮ್ಮ ಅಭಿಪ್ರಾಯ.

ಆದರೆ ಕೆಡದ ಕಾಳಾದರೂ ಬಿತ್ತದೆ ಬೆಳೆಯಲಾರದು. ಉತ್ತಂಗಿ ಚನ್ನಪ್ಪನವರು ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಹಾವೇರಿ ತಾಲೂಕಿನ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರನ್ನು ಹುಟ್ಟಿಸಿದರು. ೧೯೪೨ರಲ್ಲಿ ಅವರು ತೀರಿಕೊಂಡರು. ಅವರ 'ಮಾಧವ ಕರುಣಾವಿಲಾಸ'ವನ್ನು ನಮ್ಮ ಜಿಲ್ಲೆಯ ತರುಣರಲ್ಲಿ ಎಷ್ಟು ಮಂದಿ ತೆರೆದು ನೋಡಿದ್ದಾರೆ? ದೋಷವು ಕೃತಿಯದೋ ನಮ್ಮದೋ ಎಂಬುದು ಓದಿದ ಮೇಲೆ ತಿಳಿಯತಕ್ಕದ್ದು. ಓದದೆಯೇ ತೀರ್ಪು ಕೊಡುವದು ನ್ಯಾಯವಲ್ಲ.

೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಲನವು ವೈಭವದಿಂದ ಜರುಗಿತು. ವರ್ಷಕ್ಕೊಮ್ಮೆ ಕನಕ ಜಯಂತಿಯಂದು ಕಚೇರಿಗಳಿಗೆ ಬಿಡುವು, ಭಾವಚಿತ್ರಕ್ಕೆ ಹಾರ, ವೇದಿಕೆಯ ಮೇಲೆ ಭಾಷಣ. ಪೂಜೆಯು ತಪ್ಪಲ್ಲ, ಆದರೆ ಪೂಜೆಯೇ ಓದಿನ ಸ್ಥಾನವನ್ನು ಹಿಡಿದರೆ ಅದು ಕವಿಗೆ ಹೊಸ ಸೆರೆ. ಕನಕದಾಸರನ್ನು ಜಾತಿಗೊಬ್ಬರಂತೆ ಹಂಚಿಕೊಂಡ ಮಹಾಪುರುಷರ ಸಾಲಿನಲ್ಲಿ ನಿಲ್ಲಿಸಿ ಕೈಮುಗಿಯುವ ನಾವು, ಅವರು ಎತ್ತಿದ ಪ್ರಶ್ನೆಯಿಂದಲೇ ತಪ್ಪಿಸಿಕೊಳ್ಳುತ್ತಿಲ್ಲವೆ?

ನಮ್ಮ ಸೂಚನೆ ಅಲ್ಪವಾದದ್ದು. 'ರಾಮಧಾನ್ಯಚರಿತೆ'ಯು ಸುಮಾರು ೧೫೦ ಪದ್ಯಗಳ ಚಿಕ್ಕ ಕಾವ್ಯ, ಭಾಮಿನೀ ಷಟ್ಪದಿಯಲ್ಲಿರುವದು. ಒಂದು ಸಂಜೆಯಲ್ಲಿ ಓದಿ ಮುಗಿಯುವದು. ಬರುವ ಜಯಂತಿಯಂದು ಬ್ಯಾಡಗಿಯ ಪೇಟೆಯಲ್ಲಿಯೇ, ಅಡತಿ ಅಂಗಡಿಯ ಕಟ್ಟೆಯ ಮೇಲೆ, ಹಮಾಲರೂ ರೈತರೂ ಅಧಿಕಾರಿಗಳೂ ಒಂದೇ ಜಮಖಾನೆಯ ಮೇಲೆ ಕುಳಿತು, ಬಲ್ಲವರಿಂದ ಅದನ್ನು ಓದಿಸಿ ಕೇಳಲಿ. ಹಾರವನ್ನು ಆಮೇಲೆ ಹಾಕಿದರಾಯಿತು.